ದೊಡ್ಡ ಟೆಲಿಸ್ಕೋಪ್ ಕೊಳ್ಳುವ ಮೊದಲು ನಿಮ್ಮ ಆಕಾಶವನ್ನು ಅಳೆಯಿರಿ

ಲೆಕ್ಕದ ಪ್ರಕಾರ 8 ಇಂಚಿನ ಟೆಲಿಸ್ಕೋಪ್ 0.58 ಆರ್ಕ್‌ಸೆಕೆಂಡ್ (ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ) ಅಂತರದ ಜೋಡಿ ನಕ್ಷತ್ರವನ್ನು ಬಿಡಿಸಿ ತೋರಿಸಬೇಕು. 16 ಇಂಚಿನದು 0.29. ಆದರೆ ನಿಮಿಷಗಟ್ಟಲೆ ಶಟರ್ ತೆರೆದಿಟ್ಟು ಫೋಟೊ ತೆಗೆದರೆ ಎರಡರಲ್ಲೂ ನಕ್ಷತ್ರಗಳು ಹೆಚ್ಚೂಕಮ್ಮಿ ಒಂದೇ ದಪ್ಪ. ಊರೊಳಗಿನ ತಾರಸಿಯಲ್ಲಿ 3 ಆರ್ಕ್‌ಸೆಕೆಂಡ್ ಬರುವುದು ತೀರಾ ಸಾಮಾನ್ಯ.

ಕಾರಣ ಗಾಳಿ. ಬಿಸಿ ಗಾಳಿ, ತಂಪು ಗಾಳಿ ಬೆರೆಯುವಲ್ಲೆಲ್ಲ ಬೆಳಕು ಚೂರುಚೂರೇ ಬಾಗುತ್ತದೆ. ನಕ್ಷತ್ರ ಅತ್ತಿತ್ತ ಕುಣಿಯುತ್ತದೆ. ಆ ಕುಣಿತವೆಲ್ಲ ಒಂದರ ಮೇಲೊಂದು ಬಿದ್ದು ಫೋಟೊದಲ್ಲಿ ಉಂಡೆಯಾಗುತ್ತದೆ. ಇದಕ್ಕೇ ಸೀಯಿಂಗ್ ಅನ್ನುವುದು. ತಮಿಳುನಾಡಿನ ಕಾವಲೂರಿನ ವೇಣು ಬಪ್ಪು ಟೆಲಿಸ್ಕೋಪಿನ ಕನ್ನಡಿ 2.34 ಮೀಟರ್, ಹಬಲ್‌ನದು 2.4. ಗಾತ್ರ ಹತ್ತಿರಹತ್ತಿರ ಒಂದೇ. ಹಬಲ್‌ನ ಚಿತ್ರ ಅಷ್ಟು ಚೂಪಾಗಿರುವುದು ಅದು ಗಾಳಿಯ ಮೇಲಿರುವುದರಿಂದ.

ಮೊದಲು ಅಳತೆ. ನೆತ್ತಿಯ ಹತ್ತಿರದ ನಕ್ಷತ್ರಗಳನ್ನು ಎರಡು ಮೂರು ನಿಮಿಷದ ಫ್ರೇಮ್‌ಗಳಲ್ಲಿ ಹಿಡಿಯಿರಿ. ಉಚಿತವಾಗಿ ಸಿಗುವ ಸಿರಿಲ್ ತಂತ್ರಾಂಶ ಪ್ರತಿ ಫ್ರೇಮಿನ ಎಫ್‌ಡಬ್ಲ್ಯೂಎಚ್‌ಎಂ ಹೇಳುತ್ತದೆ. ಅಂದರೆ ನಕ್ಷತ್ರದ ಹೊಳಪು ಅರ್ಧಕ್ಕಿಳಿಯುವಲ್ಲಿನ ಅಗಲ. ಬೇರೆ ಬೇರೆ ತಿಂಗಳಲ್ಲಿ ಅಳೆದು ಬರೆದಿಡಿ. ಒಂದು ರಾತ್ರಿಯ ಅಂಕಿ ನಂಬಬೇಡಿ.

ಆಮೇಲೆ ಕ್ಯಾಮೆರಾ ಹೊಂದಿಸಿ. ಪಿಕ್ಸೆಲ್ ಗಾತ್ರವನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಮಿಲಿಮೀಟರಿನ ಫೋಕಲ್ ಲೆಂತ್‌ನಿಂದ ಭಾಗಿಸಿ. 16 ಇಂಚು, ಎಫ್/4 (ಫೋಕಲ್ ಲೆಂತ್ ಕನ್ನಡಿಯ ಅಗಲದ ನಾಲ್ಕು ಪಟ್ಟು) ಅಂದರೆ ಸುಮಾರು 1600 ಮಿ.ಮೀ.; ಪಿಕ್ಸೆಲ್ 3.76 ಮೈಕ್ರಾನ್. ಉತ್ತರ 0.48 ಆರ್ಕ್‌ಸೆಕೆಂಡ್, ಒಂದು ಪಿಕ್ಸೆಲ್‌ನೊಳಗೆ ಬೀಳುವ ಆಕಾಶ ಅಷ್ಟು. ನಿಮ್ಮ ಸೀಯಿಂಗ್ 3 ಇದ್ದರೆ ಒಂದು ಪಿಕ್ಸೆಲ್‌ಗೆ 1ರಿಂದ 1.5 ಸಾಕು. ಇಷ್ಟು ಸಣ್ಣದಾಗಿ ಕತ್ತರಿಸಿದರೆ ಹೊಸ ವಿವರ ಬರುವುದಿಲ್ಲ, ಫೈಲ್ ಮಾತ್ರ ಸುಮ್ನೆ ದೊಡ್ಡದಾಗುತ್ತದೆ. 2×2 ಬಿನ್ನಿಂಗ್ ಮಾಡಿ, ಅಂದರೆ ನಾಲ್ಕು ಪಿಕ್ಸೆಲ್ ಸೇರಿಸಿ ಒಂದಾಗಿಸಿ.

ಈಗ ನಮ್ಮ ಕೈಲಾಗುವ ಗಾಳಿ. ನನ್ನ ಪ್ರಕಾರ ಹೆಚ್ಚು ಜನ ಸೋಲುವುದು ಇಲ್ಲೇ. ಒಂದು ಹೊಳೆಯುವ ನಕ್ಷತ್ರವನ್ನು ಫೋಕಸ್‌ನಿಂದ ತಪ್ಪಿಸಿ, ತಟ್ಟೆಯಷ್ಟು ಅಗಲವಾಗುವಂತೆ ಮಾಡಿ ನೋಡಿ. ತಟ್ಟೆಯೊಳಗೆ ನಿಧಾನವಾಗಿ ಹೊಗೆಯಂತೆ ಸುರುಳಿ ಏಳುತ್ತಿದೆಯಾ? ಅದು ಕೊಳವೆಯೊಳಗಿನ ಬಿಸಿ, ಕನ್ನಡಿ ಇನ್ನೂ ತಣ್ಣಗಾಗಿಲ್ಲ. ಹಿಂದೆ ಫ್ಯಾನ್ ಹಾಕಿ ಕಾಯಿರಿ. ದಪ್ಪ ಕನ್ನಡಿಗೆ ಗಂಟೆಗಟ್ಟಲೆ ಬೇಕು. ತೆಳ್ಳನೆಯ ಗೆರೆಗಳು ಒಂದೇ ದಿಕ್ಕಿಗೆ ಸರಸರ ಓಡುತ್ತಿದ್ದರೆ ಅದು ಮೇಲಿನ ಗಾಳಿ, ಅದಕ್ಕೆ ನಾವು ಏನೂ ಮಾಡಲಾಗದು. ಹಗಲಿಡೀ ಕಾದ ಕಾಂಕ್ರೀಟ್ ರಾತ್ರಿ ಬಿಸಿ ಬಿಡುತ್ತಲೇ ಇರುತ್ತದೆ, ಹುಲ್ಲುನೆಲ ಎಷ್ಟೋ ವಾಸಿ. ವಸ್ತು ಆದಷ್ಟು ನೆತ್ತಿಯ ಬಳಿ ಇರಲಿ. 30 ಡಿಗ್ರಿ ಎತ್ತರದಲ್ಲಿ ಮಸುಕು ನೆತ್ತಿಗಿಂತ ಒಂದೂವರೆ ಪಟ್ಟು ಜಾಸ್ತಿ.

ಗೈಡಿಂಗ್ ಅಂದರೆ ಇನ್ನೊಂದು ಕ್ಯಾಮೆರಾ ಒಂದು ನಕ್ಷತ್ರವನ್ನು ನೋಡುತ್ತ, ಟೆಲಿಸ್ಕೋಪ್ ಹೊತ್ತು ತಿರುಗಿಸುವ ಮೌಂಟನ್ನು ತಿದ್ದುತ್ತಿರುವುದು. ಅದರ ಎಕ್ಸ್‌ಪೋಷರ್ 2ರಿಂದ 4 ಸೆಕೆಂಡ್ ಇರಲಿ. ಅರ್ಧ ಸೆಕೆಂಡ್ ಇಟ್ಟರೆ ಮೌಂಟ್ ಗಾಳಿಯ ಕುಣಿತವನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಕೊನೆಗೆ ಎಫ್‌ಡಬ್ಲ್ಯೂಎಚ್‌ಎಂ ಕೆಟ್ಟದಾಗಿರುವ ಫ್ರೇಮ್‌ಗಳನ್ನು ಸ್ಟ್ಯಾಕ್ ಮಾಡುವ (ಎಲ್ಲ ಫ್ರೇಮ್ ಸೇರಿಸಿ ಒಂದೇ ಚಿತ್ರ ಮಾಡುವ) ಮೊದಲೇ ತೆಗೆದುಹಾಕಿ.

ಹಾಗಾದರೆ ದೊಡ್ಡ ಕನ್ನಡಿ ಬೇಡವಾ? ಬೆಳಕಿಗೆ ಬೇಕು. 16 ಇಂಚು 8 ಇಂಚಿನ ನಾಲ್ಕು ಪಟ್ಟು ಬೆಳಕು ಹಿಡಿಯುತ್ತದೆ, ಮಂಕಾದ ಗೆಲಾಕ್ಸಿಗಳು ಬೇಗ ಮೂಡುತ್ತವೆ. ಗ್ರಹಗಳ ಮಾತೂ ಬೇರೆ. ಅಲ್ಲಿ ಸೆಕೆಂಡಿನ ನೂರನೇ ಭಾಗದಷ್ಟು ಚಿಕ್ಕ ಫ್ರೇಮ್‌ಗಳನ್ನು ಸಾವಿರಗಟ್ಟಲೆ ತೆಗೆದು, ಗಾಳಿ ನಿಂತ ಕ್ಷಣದವನ್ನು ಮಾತ್ರ ಆರಿಸಿಕೊಳ್ಳಬಹುದು. 16 ಇಂಚಿನ ಕನ್ನಡಿ ತನ್ನ ನಿಜವಾದ ಚೂಪನ್ನು ತೋರಿಸುವುದು ಅಲ್ಲಿ.