ಲೌಟರ್‌ಬ್ರುನ್ನೆನ್ ಕಣಿವೆಯ ಜಲಪಾತಗಳಿಗೆ ನಡೆದೇ ಹೋಗಿ

ಸ್ವಿಟ್ಜರ್ಲೆಂಡಿಗೆ ಹೋದವರು ರೈಲಿನಲ್ಲೇ ಕೂತು ಬೆಟ್ಟ ನೋಡಿ ಬಂದರೆ ನನಗೆ ಬೇಜಾರಾಗುತ್ತದೆ. ಒಂದು ದಿನ ಈ ಕಣಿವೆಯಲ್ಲಿ ನಡೆಯಿರಿ. ಇಂಟರ್‌ಲಾಕನ್ ಓಸ್ಟ್ ನಿಲ್ದಾಣದಿಂದ ಲೌಟರ್‌ಬ್ರುನ್ನೆನ್ ಊರಿಗೆ ರೈಲಿನಲ್ಲಿ ಸುಮಾರು 20 ನಿಮಿಷ. ಹತ್ತುವ ಮುಂಚೆ ಬೋಗಿಯ ಬೋರ್ಡ್ ನೋಡಿ, ದಾರಿಯಲ್ಲಿ ರೈಲು ಎರಡಾಗಿ ಒಂದು ಭಾಗ ಗ್ರಿಂಡೆಲ್‌ವಾಲ್ಡ್ ಕಡೆ ಹೋಗುತ್ತದೆ.

ಜೂನ್ ಒಳ್ಳೆಯ ತಿಂಗಳು. ಮೇಲಿನ ಹಿಮ ಕರಗಿ ನೀರು ಜಾಸ್ತಿ ಇರುತ್ತದೆ.

ಮೊದಲು ಊರ ಪಕ್ಕದಲ್ಲೇ ಇರುವ ಸ್ಟೌಬ್‌ಬಾಖ್ ಜಲಪಾತ. ಸುಮಾರು 297 ಮೀಟರ್ ಎತ್ತರದಿಂದ ಬೀಳುವ ನೀರು ಗಾಳಿಗೆ ಸಿಕ್ಕಿ ಪುಡಿಯಾಗುತ್ತದೆ, ಹೆಸರಿನ ಅರ್ಥವೂ ಧೂಳಿನ ತೊರೆ ಅಂತಲೇ. ಬೇಸಿಗೆಯಲ್ಲಿ ನೀರಿನ ಹಿಂದಕ್ಕೆ ಹೋಗುವ ಮೆಟ್ಟಿಲು ತೆರೆದಿರುತ್ತದೆ. ಜಾರುತ್ತದೆ, ಹಿಡಿತ ಇರುವ ಶೂ ಬೇಕೇ ಬೇಕು.

ಅಲ್ಲಿಂದ ಟ್ರುಮ್ಮೆಲ್‌ಬಾಖ್‌ಗೆ ಸಮತಟ್ಟಾದ ದಾರಿ, ಸುಮಾರು 3 ಕಿಲೋಮೀಟರ್, ಹಳದಿ ಬೋರ್ಡುಗಳನ್ನು ಹಿಡಿದು ಹೋದರೆ ಸಾಕು. ಆ ಬೋರ್ಡಿನಲ್ಲಿ ಬರೆದಿರುವ ಸಮಯದಲ್ಲಿ ವಿಶ್ರಾಂತಿ ಸೇರಿಲ್ಲ, ಮಕ್ಕಳಿದ್ದರೆ ಇನ್ನಷ್ಟು ಹೊತ್ತು ಇಟ್ಟುಕೊಳ್ಳಿ. ದಾರಿ ಬಿಟ್ಟು ಹುಲ್ಲು ತುಳಿಯಬೇಡಿ, ಅದು ದನಗಳ ಮೇವು.

ಟ್ರುಮ್ಮೆಲ್‌ಬಾಖ್ ನೋಡದೆ ಬರಬೇಡಿ! ಬೆಟ್ಟದ ಹೊಟ್ಟೆಯೊಳಗೆ 10 ಜಲಪಾತಗಳು. ಐಗರ್, ಮೊಂಖ್, ಯುಂಗ್‌ಫ್ರೌ ಶಿಖರಗಳ ಹಿಮನದಿಗಳ ನೀರು ಸೆಕೆಂಡಿಗೆ 20,000 ಲೀಟರ್‌ವರೆಗೆ ಇಲ್ಲಿ ನುಗ್ಗುತ್ತದೆ, ಕಾಲಡಿಯ ಬಂಡೆಯೇ ನಡುಗಿದಂತೆ ಅನಿಸುತ್ತದೆ. ಟಿಕೆಟ್ ಇದೆ, ಚಳಿಗಾಲದಲ್ಲಿ ಮುಚ್ಚಿರುತ್ತದೆ, 4 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಲಿಫ್ಟಿನಲ್ಲಿ ಮೇಲೆ ಹೋಗಿ, ನಡೆದು ಇಳಿಯಿರಿ. ಒಳಗೆ ಜುಲೈನಲ್ಲೂ ಚಳಿ, ಆದ್ದರಿಂದ ಜಾಕೆಟ್ ಇರಲಿ. ಕಾಲು ಸೋತರೆ ವಾಪಸ್ಸಿಗೆ ಹೊರಗೇ ಹಳದಿ ಬಸ್ ಸಿಗುತ್ತದೆ.