ಬ್ಲಾಕ್‌ಬೆರಿ ಜಾಮ್‌ಗೆ ಮರಟೊಮೆಟೊ: ನನ್ನ ಅನುಭವ

ಹೋದ ತಿಂಗಳು ಮೈಸೂರಿಗೆ 60 ಬಾಟಲಿ ಜಾಮ್ ಕಳಿಸಿದೆ. ಒಂದೂ ವಾಪಸ್ ಬರಲಿಲ್ಲ. ಅದರಲ್ಲಿ ಜಾಮ್ ಗಟ್ಟಿಯಾಗಲು ಹಾಕುವ ಪೆಕ್ಟಿನ್ ಪುಡಿ ಒಂದು ಚಿಟಿಕೆಯೂ ಇಲ್ಲ. ಬ್ಲಾಕ್‌ಬೆರಿ, ಮರಟೊಮೆಟೊ (ಸಣ್ಣ ಮರದಲ್ಲಿ ಬಿಡುವ ಹುಳಿ ಹಣ್ಣು, ಇಂಗ್ಲಿಷಿನಲ್ಲಿ ಟ್ಯಾಮರಿಲೊ), ಸಕ್ಕರೆ, ಅಷ್ಟೇ. ಮೂರು ವರ್ಷದ ಹಿಂದೆ ಹೇಳಿದಾಗ ಅಂಗಡಿಯವರು "ಟೊಮೆಟೊ ಹಾಕಿದ ಬೆರಿ ಜಾಮ್ ಯಾರು ತಗೋತಾರೆ ಅಕ್ಕಾ?" ಅಂದಿದ್ದರು. ನಮ್ಮ ಅತ್ತೆಯೂ "ಅದು ಗೊಜ್ಜಿಗೆ ಸರಿ ಕಣಮ್ಮ, ಜಾಮ್‌ಗೆ ಯಾಕೆ?" ಅಂತಲೇ ಇದ್ದರು. ಈಗ ಬೆಳಗಿನ ಚಪಾತಿಗೆ ಮೊದಲು ಬಾಟಲಿ ತೆಗೆಯುವವರು ಅವರೇ.

ನಮ್ಮದು ನೀಲಗಿರಿ ಬೆಟ್ಟದ ಕೋಟಗಿರಿ ಹತ್ತಿರ, ಸುಮಾರು 1,900 ಮೀಟರ್ ಎತ್ತರ. ಮರಟೊಮೆಟೊ ನಮ್ಮ ಹಿತ್ತಲಲ್ಲಿ ಮೊದಲಿಂದ ಇತ್ತು. ಬ್ಲಾಕ್‌ಬೆರಿ ನಾನು ತಂದಿದ್ದು. ಮುಳ್ಳಿಲ್ಲದ ತಳಿ, 40 ಗಿಡ, ಗಿಡಕ್ಕೆ 250 ರೂಪಾಯಿ ಬಿದ್ದಿರಬೇಕು. ಮೊದಲ ವರ್ಷ ಉದ್ದಕ್ಕೆ ಬೆಳೆದ ಕಡ್ಡಿಗಳನ್ನೆಲ್ಲ ಟೀ ಗಿಡ ಕವಾತು ಮಾಡಿದ ಹಾಗೆ ಕತ್ತರಿಸಿಬಿಟ್ಟೆ. ಈ ತಳಿ ಹಣ್ಣು ಬಿಡುವುದು ಎರಡನೇ ವರ್ಷದ ಕಡ್ಡಿಯಲ್ಲಿ. ಒಂದು ವರ್ಷದ ಬೆಳೆ ಪೂರ್ತಿ ಹೋಯಿತು. ಈಗ ಹಣ್ಣು ಕೊಟ್ಟು ಮುಗಿದ ಕಡ್ಡಿ ಮಾತ್ರ ತೆಗೆಯುತ್ತೇನೆ.

ಎರಡೂ ಗಿಡಗಳ ಸ್ವಭಾವ ಪೂರ್ತಿ ಬೇರೆ. ಬ್ಲಾಕ್‌ಬೆರಿಗೆ ಚಳಿಗಾಲದ ಚಳಿ ಬೇಕು, ಇಲ್ಲದಿದ್ದರೆ ಹೂವು ಸರಿಯಾಗಿ ಬರಲ್ಲ. ಮರಟೊಮೆಟೊಗೆ ತಂಪು ಇಷ್ಟ, ಆದರೆ ಹಿಮ ಬಿದ್ದರೆ ಮುಗೀತು. ಊಟಿಯಲ್ಲಿ ನನ್ನ ಗೆಳತಿ ಬೆಳೆಸಿದ್ದ ಎಂಟು ಗಿಡ ಜನವರಿಯ ಒಂದೇ ರಾತ್ರಿಗೆ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದವು. ಅದರ ಬೇರೂ ಆಳಕ್ಕೆ ಹೋಗಲ್ಲ. ನಮ್ಮಲ್ಲಿ ಒಂದು ಜೋರು ಗಾಳಿಗೆ ನಾಲ್ಕು ಮರ ಮಲಗಿದವು. ಬೇಲಿ ಮುರಿದು ಬಂದ ಕಾಟಿ ಇನ್ನೆರಡನ್ನು ತುಳಿಯಿತು. ಊರುಗೋಲು ಕೊಡದೆ ಮರಟೊಮೆಟೊ ನೆಡಬೇಡಿ.

ಕಿತ್ತ ಮೇಲೂ ಹಾಗೇ. ಬ್ಲಾಕ್‌ಬೆರಿ ಫ್ರಿಜ್‌ನಲ್ಲಿ ಮೂರು ದಿನ ಇದ್ದರೆ ಹೆಚ್ಚು, ನಾಲ್ಕನೇ ದಿನ ಬೂಸಲು. ಮರಟೊಮೆಟೊ ತೊಟ್ಟಿನ ಸಮೇತ ಕಿತ್ತಿಟ್ಟರೆ ಫ್ರಿಜ್‌ನಲ್ಲಿ ಆರೇಳು ವಾರ ಏನೂ ಆಗಲ್ಲ. ಎರಡೂ ಒಟ್ಟಿಗೆ ಕೈಗೆ ಸಿಗುವುದೂ ಅಪರೂಪ. ಹಾಗಾಗಿ ಬೆರಿಯನ್ನು ಫ್ರೀಜರ್‌ಗೆ ಹಾಕುತ್ತೇನೆ. ಗಡ್ಡೆಕಟ್ಟಿ ಕರಗಿದ ಬೆರಿ ಬೇಗ ರಸ ಬಿಡುತ್ತದೆ, ಗ್ಯಾಸೂ ಉಳಿಯುತ್ತದೆ.

ಇನ್ನು ಜಾಮ್‌ಗೆ ಬರೋಣ. ಬರೀ ಬ್ಲಾಕ್‌ಬೆರಿಯಲ್ಲಿ ಮಾಡಿದ ಮೊದಲ ಜಾಮ್ ಕೂರಲೇ ಇಲ್ಲ, ಶರಬತ್ತಿನ ಹಾಗೆ ಓಡಾಡುತ್ತಿತ್ತು. ಚೆನ್ನಾಗಿ ಕಪ್ಪಾದ ಹಣ್ಣಿನಲ್ಲಿ ಪೆಕ್ಟಿನ್ ಕಡಿಮೆ. ಎರಡನೇ ಸಲ ಥರ್ಮಾಮೀಟರ್ ಇಟ್ಟು ಪುಸ್ತಕದಲ್ಲಿದ್ದ ಹಾಗೆ 105 ಡಿಗ್ರಿವರೆಗೆ ಕಾಯಿಸಿದೆ. 22 ಬಾಟಲಿ ಅಂಟು ಮಿಠಾಯಿ ಆಯಿತು, ಚಮಚ ಬಗ್ಗಿದರೂ ಜಾಮ್ ಬರಲಿಲ್ಲ. ಏನಿಲ್ಲ ಅಂದರೂ 3,500 ರೂಪಾಯಿ ನಷ್ಟ. ಆಮೇಲೆ ಸುಮ್ನೆ ನೀರು ಕುದಿಸಿ ನೋಡಿದೆ. ನಮ್ಮಲ್ಲಿ ನೀರು 94 ಡಿಗ್ರಿಗೇ ಕುದಿಯುತ್ತದೆ! ಆ 105 ಸಮುದ್ರಮಟ್ಟದ ಲೆಕ್ಕ. ನೀರು ಕುದಿಯುವ ಬಿಸಿಗಿಂತ ಐದು ಡಿಗ್ರಿ ಮೇಲೆ ನಿಲ್ಲಿಸಬೇಕು, ಅಂದರೆ ಇಲ್ಲಿ 99. ಬೆಟ್ಟದ ಮೇಲೆ ಜಾಮ್ ಮಾಡುವವರು ಇದೊಂದನ್ನು ಬರೆದಿಟ್ಟುಕೊಳ್ಳಿ.

ಪೆಕ್ಟಿನ್ ಪುಡಿ ಒಂದು ವರ್ಷ ಬಳಸಿದೆ. ಆಗ ಕೆಜಿಗೆ 2,000ದ ಆಸುಪಾಸು. ಬೇಕಾಗುವುದು ಸ್ವಲ್ಪವೇ, ದುಡ್ಡಿನ ಲೆಕ್ಕದಲ್ಲಿ ದೊಡ್ಡದಲ್ಲ. ಆದರೆ ಹಣ್ಣಿನ ರುಚಿ ಮಂಕಾಯಿತು ಅನಿಸಿತು, ಗಿರಾಕಿಗಳೂ ಈ ಪುಡಿ ಯಾಕೆ ಅಂತ ಕೇಳಲು ಶುರು ಮಾಡಿದರು. ಮರಟೊಮೆಟೊದಲ್ಲಿ ಪೆಕ್ಟಿನ್ನೂ ಇದೆ, ಹುಳಿಯೂ ಇದೆ. ಜಾಮ್ ಕೂರಲು ಬೇಕಾಗಿದ್ದು ಅವೆರಡೇ ಅಲ್ವಾ?

ಕಾಲು ಕೆಜಿಯಿಂದ ಶುರು ಮಾಡಿ ಹತ್ತು ಹನ್ನೆರಡು ಸಲ ಅಳತೆ ಬದಲಿಸಿದೆ. ಈಗ 3 ಕೆಜಿ ಬೆರಿಗೆ 1 ಕೆಜಿ ಸಿಪ್ಪೆ ತೆಗೆದ ಮರಟೊಮೆಟೊ, ಸಕ್ಕರೆ 2.75 ಕೆಜಿ. 250 ಗ್ರಾಂನ ಹದಿನೆಂಟು ಬಾಟಲಿ ಬರುತ್ತದೆ. ಮರಟೊಮೆಟೊ ಸಿಪ್ಪೆ ಕಹಿ, ಪೂರ್ತಿ ತೆಗೆಯಿರಿ. ತಳದಲ್ಲಿ ಕತ್ತರಿ ಗುರುತು ಹಾಕಿ ಒಂದು ನಿಮಿಷ ಕುದಿನೀರಿಗೆ ಬಿಟ್ಟರೆ ಹೆಬ್ಬೆರಳಿಗೇ ಸುಲಿದು ಬರುತ್ತದೆ. ಒಳಗಿನ ಬೀಜದ ಲೋಳೆ ಗಾಢ ನೇರಳೆ, ಕಲ್ಲಿನ ಮೇಲೆ ಬಿದ್ದರೆ ಕಲೆ ಹೋಗಲ್ಲ. ಬೆರಿಯಲ್ಲಿ ಅರ್ಧದಷ್ಟನ್ನು ಮಾತ್ರ ಜರಡಿ ಹಿಡಿಯುತ್ತೇನೆ. ಪೂರ್ತಿ ಸೋಸಿದರೆ ಬೀಜದ ಜೊತೆ ನಾರೂ ಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಸ್ಟೀಲ್ ಇರಲಿ. ಮರಟೊಮೆಟೊ ಯಾವ ಹಂತದಲ್ಲಿ ಹಾಕುತ್ತೇನೆ, ಕೊನೆಗೆ ಯಾವ ಮಸಾಲೆಯನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಡುತ್ತೇನೆ, ಇವೆರಡು ನನ್ನಲ್ಲೇ ಇರಲಿ.

ಯಾವ ಹಣ್ಣಿನಲ್ಲಿ ಪೋಷಣೆ ಜಾಸ್ತಿ ಅಂತ ಎಲ್ಲರೂ ಕೇಳುತ್ತಾರೆ. ನೆನಪಿನಿಂದ ಹೇಳುತ್ತೇನೆ. 100 ಗ್ರಾಂ ಹಸಿ ಬ್ಲಾಕ್‌ಬೆರಿಯಲ್ಲಿ 43 ಕ್ಯಾಲರಿ, 5 ಗ್ರಾಂ ನಾರು, ವಿಟಮಿನ್ ಸಿ 20 ಮಿಲಿಗ್ರಾಂ ಚಿಲ್ಲರೆ. ಮ್ಯಾಂಗನೀಸ್ ಮತ್ತು ವಿಟಮಿನ್ ಕೆ ಕೂಡ ಚೆನ್ನಾಗಿದೆ. ಮರಟೊಮೆಟೊದಲ್ಲಿ ಕ್ಯಾಲರಿ 30ರ ಸುತ್ತ, ನಾರು 3 ಗ್ರಾಂ, ವಿಟಮಿನ್ ಸಿ 30 ಮಿಲಿಗ್ರಾಂ ಹತ್ತಿರ. ಪೊಟ್ಯಾಸಿಯಂ ಬೆರಿಗಿಂತ ಸುಮಾರು ಎರಡು ಪಟ್ಟು, 300ರ ಮೇಲೆ. ಆ ಕಿತ್ತಳೆ ಬಣ್ಣದ ತಿರುಳಿನಿಂದ ವಿಟಮಿನ್ ಎ ಕೂಡ ಸಿಗುತ್ತದೆ. ನಾರು, ಮ್ಯಾಂಗನೀಸ್, ವಿಟಮಿನ್ ಕೆ ಬೇಕಾದರೆ ಬೆರಿ, ವಿಟಮಿನ್ ಸಿ, ಎ, ಪೊಟ್ಯಾಸಿಯಂ ಬೇಕಾದರೆ ಮರಟೊಮೆಟೊ ಅನ್ನುವುದು ನನ್ನ ಲೆಕ್ಕ. ಆದರೆ ಇದು ಹಸಿ ಹಣ್ಣಿನ ಮಾತು. ಕುದಿಸಿದರೆ ವಿಟಮಿನ್ ಸಿ ಒಂದಷ್ಟು ಹೋಗುತ್ತದೆ, ಮೇಲೆ ಅಷ್ಟು ಸಕ್ಕರೆ. ಆರೋಗ್ಯದ ಹೆಸರಲ್ಲಿ ನಾನು ಜಾಮ್ ಮಾರುವುದಿಲ್ಲ. ಕಿಡ್ನಿ ತೊಂದರೆ ಇರುವ ಒಬ್ಬರು ಹಸಿ ಮರಟೊಮೆಟೊ ಕೇಳಿದಾಗ, ಮೊದಲು ಡಾಕ್ಟರನ್ನು ಕೇಳಿ ಬನ್ನಿ ಅಂತ ಪೊಟ್ಯಾಸಿಯಂ ವಿಷಯ ಹೇಳಿ ಕಳಿಸಿದೆ.

ಮಧ್ಯೆ ಬ್ಲಾಕ್‌ಬೆರಿ ಬಿಸಿಲಲ್ಲಿ ಒಣಗಿಸಲು ಹೋದೆ. ಮಂಜು ಬಂದು ಎರಡು ತಟ್ಟೆ ಬೂಸಲಾಯಿತು. ಹಳದಿ ಮರಟೊಮೆಟೊದಲ್ಲೂ ಮಾಡಿ ನೋಡಿದೆ. ಹುಳಿ ಸಾಲದೆ ನಿಂಬೆರಸ ಬೇಕಾಯಿತು, ಕೆಂಪೇ ಸರಿ.

ಈಗ ಬಾಟಲಿಗೆ 280 ರೂಪಾಯಿ. ಪುಡಿ ಹಾಕುತ್ತಿದ್ದಾಗ 220 ಸಿಗುತ್ತಿತ್ತು. ಅದೇ ಅಂಗಡಿಯವರು ದಸರಾಕ್ಕೆ 100 ಬಾಟಲಿ ಬೇಕು ಅಂದಿದ್ದಾರೆ. ಫ್ರೀಜರ್‌ನಲ್ಲಿ 11 ಕೆಜಿ ಬೆರಿ ಇದೆ, ಇನ್ನೂ ಆರೇಳು ಕೆಜಿ ಹೊಂದಿಸಬೇಕು.