ಮಡಿಕೇರಿ ಚಳಿ ಬೇರೆ, ಲೇಹ್ ಚಳಿ ಬೇರೆ: ಜನವರಿಯಲ್ಲಿ ಲಡಾಖಿಗೆ ಹೊರಟವರಿಗೆ

ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಕಂಡವರಿಗೆ ಚಳಿಯೆಂದರೆ ತೇವ. ಒಲೆಯ ಮೇಲೆ ಕಟ್ಟಿದರೂ ಒಣಗದ ಬಟ್ಟೆ, ಬೀರುವಿನೊಳಗೆ ಬೂಷ್ಟು. ಲೇಹ್‌ನಲ್ಲಿ ಇದೆಲ್ಲ ತಲೆಕೆಳಗು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ. ಲೇಹ್‌ನಲ್ಲಿ ಮಳೆ, ಹಿಮ ಎರಡೂ ಸೇರಿ 100ರ ಆಸುಪಾಸು. ಜನವರಿಯ ರಾತ್ರಿ ಮೈನಸ್ 15ಕ್ಕೆ, ಕೆಲವೊಮ್ಮೆ ಇನ್ನೂ ಕೆಳಕ್ಕೆ ಇಳಿಯುತ್ತದೆ. ಆದರೂ ಹಗಲಿನ ಬಿಸಿಲು ಮುಖ ಸುಡುತ್ತದೆ. ಅಲ್ಲಿ ಬಟ್ಟೆಯನ್ನು ಒದ್ದೆ ಮಾಡುವುದು ನಿಮ್ಮದೇ ಬೆವರು.

ಅದಕ್ಕೇ ಮೈಗೆ ತಾಗುವ ಬಟ್ಟೆ ಹತ್ತಿಯದಾಗಬಾರದು. ಬೆವರು ಹೀರಿದ ಹತ್ತಿ ಬನಿಯನ್ ನಿಂತ ಕೂಡಲೇ ತಣ್ಣಗಾಗಿ ಮೈಯ ಬಿಸಿ ಎಳೆಯುತ್ತದೆ. ಒಳಗೆ ಉಣ್ಣೆಯ ಥರ್ಮಲ್, ಮೇಲೆ ಸ್ವೆಟರ್ ಅಥವಾ ಫ್ಲೀಸ್, ಹೊರಗೆ ಗಾಳಿ ತಡೆಯುವ ಜಾಕೆಟ್. ಏರು ಹತ್ತುವ ಮೊದಲೇ ಒಂದು ಪದರ ಬಿಚ್ಚಿ, ನಿಂತಾಗ ಹಾಕಿಕೊಳ್ಳಿ. ಬಿಗಿಯಾದ ಶೂಗೆ ಎರಡು ಜೊತೆ ಸಾಕ್ಸ್ ತುರುಕಿದರೆ ರಕ್ತದ ಓಟ ತಗ್ಗಿ ಬೆರಳು ಮರಗಟ್ಟುತ್ತದೆ. ಶೂ ಒಂದು ಸೈಜ್ ದೊಡ್ಡದಿರಲಿ. ಲಡಾಖಿಗಳ ಗೊಂಚಾ ಎಂಬ ಉದ್ದನೆಯ ಉಣ್ಣೆ ನಿಲುವಂಗಿಯನ್ನು ನೋಡಿ: ಅಗಲವಾಗಿ ಹೊಲಿದು, ಸೊಂಟದಲ್ಲಿ ಪಟ್ಟಿ ಬಿಗಿಯುತ್ತಾರೆ. ಬಿಸಿ ಗಾಳಿ ಎದೆಯ ಬಳಿಯೇ ಉಳಿಯುತ್ತದೆ. ನಮ್ಮ ಕೊಡವರ ನಿಲುವಂಗಿ ಕುಪ್ಯಕ್ಕೆ ಚೇಲೆ ಎಂಬ ಸೊಂಟಪಟ್ಟಿ ಕಟ್ಟಿದ ಹಾಗೇ ಕಾಣುತ್ತದೆ, ಕೆಲಸ ಮಾತ್ರ ಬೇರೆ.

1948ರ ಮೇ ತಿಂಗಳಲ್ಲಿ ಲೇಹ್‌ಗೆ ಇಳಿದ ಮೊದಲ ಡಕೋಟಾ ವಿಮಾನದಲ್ಲಿ ಮಡಿಕೇರಿಯ ಮೇಜರ್ ಜನರಲ್ ತಿಮ್ಮಯ್ಯನವರಿದ್ದರು. ಈಗ ದೆಹಲಿಯಿಂದ ಒಂದೂಕಾಲು ಗಂಟೆಯ ಹಾದಿ, ಅಪಾಯವೂ ಅಲ್ಲೇ. ಸುಮಾರು 200 ಮೀಟರ್ ಎತ್ತರದಿಂದ ಏಕಾಏಕಿ 3500ಕ್ಕೆ. ಮಡಿಕೇರಿಯ 1150 ಮೀಟರ್ ಇಲ್ಲಿ ಲೆಕ್ಕಕ್ಕಿಲ್ಲ. ಮೊದಲ 48 ಗಂಟೆ ಮನೆಯೊಳಗೆ ಸುಮ್ಮನಿರಿ. ಮೆಟ್ಟಿಲು ಹತ್ತುವುದೂ ನಿಧಾನ. ತಲೆನೋವು ಹೆಚ್ಚುತ್ತಾ ವಾಂತಿ ಬಂದರೆ, ನಡಿಗೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಎತ್ತರದ ಕಾಯಿಲೆ ತಡೆಯುವ ಅಸೆಟಾಜೊಲಮೈಡ್ ಮಾತ್ರೆ ಬೇಕೋ ಬೇಡವೋ ಎಂದು ಊರಲ್ಲೇ ವೈದ್ಯರನ್ನು ಕೇಳಿ. ಸಲ್ಫಾ ಔಷಧ ಆಗದವರು ಅದನ್ನು ಹೇಳಲೇಬೇಕು.

ಇನ್ನು ರಮ್ಮಿನ ವಿಷಯ. ಒಂದು ಪೆಗ್ ಹಾಕಿದರೆ ಬೆಚ್ಚಗಾಗುತ್ತದೆ ಎಂಬ ಮಾತು ಕೊಡಗಿನಲ್ಲಿ ಯಾರೂ ಕಲಿಸದೆ ಬರುತ್ತದೆ. ಚರ್ಮದ ರಕ್ತನಾಳ ಹಿಗ್ಗಿ ಬೆಚ್ಚಗೆನಿಸುವುದು ನಿಜ, ಆದರೆ ಒಳಗಿನ ಶಾಖ ಅದೇ ದಾರಿಯಲ್ಲಿ ಹೊರಗೆ ಹೋಗುತ್ತದೆ. ಬಾಟಲಿ ಊರಲ್ಲೇ ಇರಲಿ.

ಲಡಾಖಿ ಮನೆಯ ದಪ್ಪ ಮಣ್ಣಿಟ್ಟಿಗೆಯ ಗೋಡೆ, ದಕ್ಷಿಣಕ್ಕೆ ತೆರೆದ ದೊಡ್ಡ ಕಿಟಕಿ ಹಗಲಿನ ಬಿಸಿಲನ್ನು ಹಿಡಿದಿಡುತ್ತವೆ. ಸಂಜೆಗೆ ಬುಖಾರಿ: ತಗಡಿನ ಒಲೆ, ಹೊಗೆಗೆ ಕೊಳವೆ, ಉರಿಸಲು ಸೌದೆ ಅಥವಾ ಬೆರಣಿ. ಮಲಗುವ ಮೊದಲು ಅದನ್ನು ಆರಿಸಿ, ಉರಿಯುವಾಗ ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಡಿ. ಹೆಂಚಿನ ಸಂದಿಯಲ್ಲಿ ಗಾಳಿಯಾಡುವ ನಮ್ಮ ಅಡುಗೆಮನೆಯ ಅಭ್ಯಾಸ ಅಲ್ಲಿ ನಡೆಯದು. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ವಾಸನೆಯೂ ಬರುವುದಿಲ್ಲ. ನಲ್ಲಿಯ ನೀರು ಹೆಪ್ಪುಗಟ್ಟುವುದರಿಂದ ಬಕೆಟ್ ನೀರೇ ಗತಿ. ಹಳೆ ಮನೆಗಳ ಒಣ ಶೌಚಾಲಯದಲ್ಲಿ ನೀರು ಸುರಿಯಬೇಡಿ. ಒಂದು ಸಲಿಕೆ ಮಣ್ಣು ಹಾಕಿ, ಅದು ಮುಂದೆ ಹೊಲಕ್ಕೆ ಗೊಬ್ಬರ. ಹೊರಗೊಯ್ಯುವ ಬಾಟಲಿಯನ್ನು ಮಗುಚಿಡಿ: ಮಂಜು ಮೇಲಿನಿಂದ ಕಟ್ಟುತ್ತದೆ, ಮುಚ್ಚಳದ ಕಡೆ ನೀರಾಗಿಯೇ ಉಳಿಯುತ್ತದೆ.

ಲೇಹ್‌ನಲ್ಲಿ ನೀರು ಕುದಿಯುವುದು ಸುಮಾರು 88 ಡಿಗ್ರಿಗೆ. ಪಾತ್ರೆಯಲ್ಲಿಟ್ಟ ಅನ್ನದ ನಡುವೆ ಗಟ್ಟಿ ಉಳಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದು ಕಷ್ಟ. ಅಲ್ಲಿಯವರ ಸ್ಕ್ಯೂ ಎಂಬ ಹಿಟ್ಟು-ತರಕಾರಿಯ ಅಡುಗೆ ಮಾತ್ರ ಬರೀ ಪಾತ್ರೆಯಲ್ಲೇ ಚೆನ್ನಾಗಿ ಬೇಯುತ್ತದೆ. ಇಬ್ಬರಿಗೆ ಎರಡು ಕಪ್ ಗೋಧಿಹಿಟ್ಟು, ಮುಕ್ಕಾಲು ಕಪ್ ನೀರು, ಉಪ್ಪು. ಗಟ್ಟಿಯಾಗಿ ಕಲಸಿ 20 ನಿಮಿಷ ಮುಚ್ಚಿಡಿ. ಬೆರಳು ದಪ್ಪ ಹೊಸೆದು, ಸಣ್ಣದಾಗಿ ಮುರಿದು, ಪ್ರತಿ ತುಂಡನ್ನೂ ಅಂಗೈಯಲ್ಲಿಟ್ಟು ಹೆಬ್ಬೆರಳಲ್ಲಿ ಬಟ್ಟಲಿನಂತೆ ಒತ್ತಿ. ಈರುಳ್ಳಿ ಹುರಿದು ಟರ್ನಿಪ್, ಆಲೂಗಡ್ಡೆ, ಕ್ಯಾರೆಟ್, ಆರು ಕಪ್ ನೀರು ಹಾಕಿ. ತರಕಾರಿ ಅರ್ಧ ಬೆಂದಾಗ ಹಿಟ್ಟಿನ ತುಂಡು ಬಿಡಿ, 20 ನಿಮಿಷ ಕುದಿಸಿ. ಹಿಟ್ಟು ಸಡಿಲವಾದರೆ ಕರಗಿ ಗಂಜಿಯಾಗುತ್ತದೆ. ಬಟ್ಟಲಿನಂತೆ ಒತ್ತದೆ ಉಂಡೆಯಾಗಿಯೇ ಹಾಕಿದರೆ ಒಳಗೆ ಹಸಿ. ಗೆಡ್ಡೆ ತರಕಾರಿಯನ್ನು ಶರತ್ಕಾಲದಲ್ಲೇ ಗುಂಡಿಯಲ್ಲಿ ಹೂತಿಡುತ್ತಾರೆ, ನೆಲದಡಿಯಲ್ಲಿ ಅದು ಹೆಪ್ಪುಗಟ್ಟುವುದಿಲ್ಲ.

ಬೆರಳ ತುದಿ ಬೆಳ್ಳಗಾಗಿ ಸ್ಪರ್ಶ ತಪ್ಪಿದರೆ ಉಜ್ಜಬೇಡಿ, ಬುಖಾರಿಗೆ ಹಿಡಿಯಬೇಡಿ. ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದೂ ಗೊತ್ತಾಗದು. 37ರಿಂದ 39 ಡಿಗ್ರಿಯ ನೀರಲ್ಲಿ ಅರ್ಧ ಗಂಟೆ ಅದ್ದಿ, ಆಮೇಲೆ ವೈದ್ಯರ ಬಳಿಗೆ. ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ದಾರಿಯಲ್ಲಿ ಕರಗಿಸುವುದೇ ಬೇಡ.

ಯಾರ ಮನೆಗಾದರೂ ಹೋದರೆ ಮೊದಲು ‘ಜುಲೇ’ (ನಮಸ್ಕಾರ) ಎನ್ನಿ, ಕೂರುವ ಮುಂಚೆ ಜಾಗ ನೋಡಿ. ಕೊಡವರ ಹಿರಿಯರ ಮನೆಯಾದ ಐನ್‌ಮನೆಯಲ್ಲಿ, ಜಗುಲಿಯ ಐಮರವೆಂಬ ಮರದ ಹಲಗೆಯ ಮೇಲೆ ಯಾರು ಕೂರಬೇಕೆಂಬ ಲೆಕ್ಕವಿರುವಂತೆ ಅಲ್ಲೂ ಒಲೆಯ ಹತ್ತಿರದ ಜಾಗ ಹಿರಿಯರಿಗೆ, ಲಾಮಾಗಳಿಗೆ. ಒಲೆಯ ಕಡೆ ಕಾಲು ಚಾಚಬೇಡಿ, ಮುಂದಿನ ಗಿಡ್ಡ ಮೇಜನ್ನು ದಾಟಬೇಡಿ. ಬೆಣ್ಣೆ, ಉಪ್ಪು ಹಾಕಿ ಕಡೆದ ಗುರ್‌ಗುರ್ ಚಹಾ ಬರುತ್ತದೆ. ಅದನ್ನು ಸಾರು ಎಂದುಕೊಂಡು ಕುಡಿದರೆ ಸುಲಭ. ಒಂದು ಗುಟುಕು ಕುಡಿದರೆ ಮತ್ತೆ ತುಂಬುತ್ತಾರೆ. ಸಾಕಾದರೆ ಲೋಟವನ್ನು ತುಂಬಿದಂತೆಯೇ ಬಿಟ್ಟು, ಹೊರಡುವಾಗ ಒಮ್ಮೆಗೇ ಮುಗಿಸಿ ಏಳಿ.